ಒಂದೇ ಸ್ವರ, ನಾಲ್ಕು ಬೆರಳಾಟ: ಟ್ಯೂಬಾದ ಶ್ರುತಿ ದೇಶಕ್ಕೊಂದು ಯಾಕೆ?

ಒಂದು ಹಾಳೆಯ ಮೇಲೆ ಒಂದೇ ಒಂದು ಸ್ವರ ಬರೆದಿದೆ ಅಂದುಕೊಳ್ಳಿ. ಬಾಸ್ ಕ್ಲೆಫ್‌ನ (ಕೆಳಗಿನ ಸ್ವರಗಳನ್ನು ಬರೆಯುವ ಐದು ಗೆರೆಗಳ ಪದ್ಧತಿ) ನಡುಗೆರೆ ಮೇಲೆ ಕೂತಿರುವ ಡಿ. ಆ ಹಾಳೆಯನ್ನು ನಾಲ್ಕು ಜನ ಟ್ಯೂಬಾ ವಾದಕರ ಮುಂದಿಡಿ. ಟ್ಯೂಬಾ ಅಂದರೆ ತೊಡೆ ಮೇಲೆ ಇಟ್ಟುಕೊಂಡು ಊದುವ, ಆಳದ ದನಿಯ ದೊಡ್ಡ ಹಿತ್ತಾಳೆ ವಾದ್ಯ; ವಾಲ್ವ್ ಅಂದರೆ ಅದರಲ್ಲಿ ಬೆರಳಿನಿಂದ ಒತ್ತುವ ಕೀಲಿ. ರಷ್ಯಾದ ಆರ್ಕೆಸ್ಟ್ರಾದವರು ಯಾವ ವಾಲ್ವನ್ನೂ ಒತ್ತದೆ ಊದುತ್ತಾರೆ. ಅಮೆರಿಕದವರು ಮೊದಲನೇ ವಾಲ್ವ್ ಒತ್ತುತ್ತಾರೆ. ಲಂಡನ್ನಿನವರು ಎರಡನೆಯದನ್ನು. ಎಫ್ ಟ್ಯೂಬಾ ಹಿಡಿದು ಕೂತ ಜರ್ಮನ್ ವಾದಕರು ಒಂದನೆಯದು, ಎರಡನೆಯದು ಎರಡನ್ನೂ ಒಟ್ಟಿಗೆ ಒತ್ತುತ್ತಾರೆ. ನಾಲ್ಕರಿಂದಲೂ ಬರುವುದು ಅದೇ ಡಿ. ಕಣ್ಣು ಮುಚ್ಚಿ ಕೂತರೆ ಯಾರು ಯಾವ ಬೆರಳು ಆಡಿಸಿದರು ಅಂತ ಹೇಳೋದಕ್ಕೇ ಆಗಲ್ಲ.

ಪಿಟೀಲಿನಲ್ಲಿ ಹೀಗಿಲ್ಲ. ಪಾಶ್ಚಾತ್ಯ ಸಂಗೀತದ ಮಟ್ಟಿಗೆ ಯಾವ ದೇಶಕ್ಕೆ ಹೋದರೂ ಅದರ ನಾಲ್ಕು ತಂತಿಗಳಿಗೆ ಅದೇ ಜಿ, ಡಿ, ಎ, ಇ. ಟ್ಯೂಬಾ ಮಾತ್ರ ಇನ್ನೂ ಒಂದು ಒಪ್ಪಂದಕ್ಕೆ ಬಂದಿಲ್ಲ. ಬಿ-ಫ್ಲ್ಯಾಟ್, ಸಿ, ಇ-ಫ್ಲ್ಯಾಟ್, ಎಫ್ ಅಂತ ನಾಲ್ಕು ಶ್ರುತಿಗಳಲ್ಲಿ ಅದು ಸಿಗುತ್ತದೆ (ಫ್ಲ್ಯಾಟ್ ಅಂದರೆ ಆ ಸ್ವರಕ್ಕಿಂತ ಅರ್ಧ ಸ್ವರ ಕೆಳಗೆ). ಯಾವುದು ನಿಮ್ಮ ತೊಡೆ ಮೇಲೆ ಬಂದು ಕೂರುತ್ತದೆ ಅನ್ನುವುದು ನೀವು ಎಲ್ಲಿ ಕಲಿತಿರಿ, ಯಾರ ಜೊತೆ ಬಾರಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಕೊಳವೆಯ ಉದ್ದವೇ ಹೆಸರು

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಬಿಡೋಣ. ಸಿ ಟ್ಯೂಬಾ ಅಂದರೆ ಸಿ ಸ್ಕೇಲ್ ಮಾತ್ರ ನುಡಿಸುವ ವಾದ್ಯ ಅಂತ ಅಲ್ಲ. ನಾಲ್ಕೂ ಟ್ಯೂಬಾಗಳಲ್ಲಿ ಹನ್ನೆರಡೂ ಸ್ವರಸ್ಥಾನಗಳು ಬರುತ್ತವೆ. ಆ ಹೆಸರು ಹೇಳುವುದು ಇಷ್ಟೇ: ಯಾವ ವಾಲ್ವನ್ನೂ ಒತ್ತದೆ ಊದಿದರೆ ಆ ಕೊಳವೆಗೆ ಯಾವ ಆಧಾರ ಸ್ವರ ಇದೆ ಅಂತ.

ಕೊಳವೆ ಉದ್ದವಾದಷ್ಟೂ ಶ್ರುತಿ ಕೆಳಗೆ. ಇದು ಕೊಳಲಿಗೂ ನಿಜ, ಟ್ಯೂಬಾಗೂ ನಿಜ. ಸುರುಳಿ ಬಿಚ್ಚಿ ನೇರ ಮಾಡಿದರೆ ಬಿ-ಫ್ಲ್ಯಾಟ್ ಟ್ಯೂಬಾ ಸುಮಾರು 18 ಅಡಿ, ಅಂದರೆ ಐದೂವರೆ ಮೀಟರ್. ಸಿ ಟ್ಯೂಬಾ 16 ಅಡಿ. ಇ-ಫ್ಲ್ಯಾಟ್ 13. ಎಫ್ 12. ಮೊದಲ ಎರಡನ್ನು ಕಾಂಟ್ರಾಬಾಸ್ ಟ್ಯೂಬಾ ಅಂತಲೂ ಕೊನೆಯ ಎರಡನ್ನು ಬಾಸ್ ಟ್ಯೂಬಾ ಅಂತಲೂ ಕರೆಯುತ್ತಾರೆ. ಇಂಗ್ಲಿಷ್ ಮಾತನಾಡುವ ದೇಶಗಳ ವಾದಕರು ದೊಡ್ಡವೆರಡನ್ನು 'ಬಿಬಿ-ಫ್ಲ್ಯಾಟ್', 'ಸಿಸಿ' ಅಂತ ಅಕ್ಷರ ಜೋಡಿ ಮಾಡಿ ಹೇಳುತ್ತಾರೆ. ಅದು ಬರೀ ಗುರುತಿಗೆ.

ಒಂದೇ ಉದ್ದದ ಕೊಳವೆಯಿಂದ ಒಂದೇ ಸ್ವರ ಬರುತ್ತದೆ ಅನ್ನುವ ಹಾಗೂ ಇಲ್ಲ. ತುಟಿ ಬಿಗಿ ಮಾಡುತ್ತಾ ಹೋದರೆ ಸ್ವರಗಳು ಏಣಿಯ ಮೆಟ್ಟಿಲುಗಳ ಹಾಗೆ ಒಂದರ ಮೇಲೊಂದು ಸಿಗುತ್ತವೆ. ಕೆಳಗಿನ ಮೆಟ್ಟಿಲುಗಳ ನಡುವೆ ದೂರ ಜಾಸ್ತಿ. ಮೇಲಕ್ಕೆ ಹೋದಷ್ಟೂ ಮೆಟ್ಟಿಲುಗಳು ಹತ್ತಿರ ಹತ್ತಿರ. ಈ ನಡುವಿನ ಖಾಲಿ ಜಾಗ ತುಂಬುವುದಕ್ಕೇ ವಾಲ್ವ್ ಇರುವುದು. ಎರಡನೇ ವಾಲ್ವ್ ಒತ್ತಿದರೆ ಉಸಿರು ಒಂದು ಸಣ್ಣ ಸುತ್ತು ಬಳಸಿಕೊಂಡು ಹೋಗುತ್ತದೆ, ದನಿ ಅರ್ಧ ಸ್ವರ ಇಳಿಯುತ್ತದೆ. ಮೊದಲನೆಯದು ಪೂರ್ತಿ ಒಂದು ಸ್ವರ ಇಳಿಸುತ್ತದೆ, ಮೂರನೆಯದು ಒಂದೂವರೆ. ನಾಲ್ಕನೆಯದಿದ್ದರೆ ಎರಡೂವರೆ.

ಇಲ್ಲೇ ಉದ್ದ ಕೊಳವೆ, ಗಿಡ್ಡ ಕೊಳವೆಯ ಮೊದಲ ವ್ಯತ್ಯಾಸ ಬರುವುದು. ಪಿಯಾನೋದ ನಡು ಸಿ ತಗೊಳ್ಳಿ. ಟ್ಯೂಬಾ ಮಟ್ಟಿಗೆ ಅದು ಎತ್ತರದ ಸ್ವರ. ಬಿ-ಫ್ಲ್ಯಾಟ್ ಟ್ಯೂಬಾದಲ್ಲಿ ಅದು ಏಣಿಯ ಒಂಬತ್ತನೇ ಮೆಟ್ಟಿಲು. ಅದರ ಕೆಳಗಿನ ಮೆಟ್ಟಿಲು ಒಂದು ಸ್ವರ ದೂರ, ಮೇಲಿನದೂ ಅಷ್ಟೇ. ತುಟಿ ಕೂದಲೆಳೆ ತಪ್ಪಿದರೂ ಪಕ್ಕದ ಮೆಟ್ಟಿಲಿಗೆ ಜಾರಿಬಿಡುತ್ತದೆ. ಅದೇ ಸ್ವರ ಎಫ್ ಟ್ಯೂಬಾದಲ್ಲಿ ಆರನೇ ಮೆಟ್ಟಿಲು. ಎರಡೂ ಕಡೆ ಹತ್ತಿರ ಹತ್ತಿರ ಒಂದೂವರೆ ಸ್ವರದ ಅಂತರ ಇದೆ. ಕಾಲಿಡೋದಕ್ಕೆ ಜಾಗ ಇದೆ ಅನ್ನಿ. ಎತ್ತರದ ಸೋಲೋ ಬಂದಾಗ ವಾದಕರು ಗಿಡ್ಡ ಟ್ಯೂಬಾ ಕೈಗೆತ್ತಿಕೊಳ್ಳುವುದಕ್ಕೆ ಮುಖ್ಯ ಕಾರಣ ಇದು. ಅದು ಜಾಣತನ, ಸೋಮಾರಿತನ ಅಲ್ಲ.

ಕೆಳಗೆ ಇಳಿದರೆ ಕಥೆ ತಿರುಗುಮುರುಗು. ಚೆಲ್ಲೋದ ಅತಿ ಕೆಳಗಿನ ತಂತಿಯ ಸಿ ಸ್ವರ, ಸಿ ಟ್ಯೂಬಾದಲ್ಲಿ ಯಾವ ವಾಲ್ವೂ ಇಲ್ಲದೆ ತಾನಾಗೇ ತೆರೆದುಕೊಳ್ಳುತ್ತದೆ. ಎಫ್ ಟ್ಯೂಬಾದಲ್ಲಿ ಅದಕ್ಕೆ ನಾಲ್ಕನೇ ವಾಲ್ವ್ ಬೇಕು. ಅದಕ್ಕಿಂತ ಕೆಳಗೆ ಹೋದಂತೆ ಐದನೆಯದು, ಆರನೆಯದು ಎಲ್ಲ ಕೆಲಸಕ್ಕೆ ಬರುತ್ತವೆ. ಆ ಜಾಗದಲ್ಲಿ ಎಫ್ ಟ್ಯೂಬಾ ಗಂಟಲು ಕಟ್ಟಿದವರ ಹಾಗೆ ಆಡುತ್ತದೆ. ಅಲ್ಲಿ ತುಂಬು ನಾದ ತೆಗೆಯುವುದಕ್ಕೆ ವರ್ಷಗಳ ಅಭ್ಯಾಸ ಬೇಕು.

ಸುತ್ತ ಕೂತವರು ಯಾವ ಶ್ರುತಿಯವರು?

ಬ್ಯಾಂಡ್‌ಗೂ ಆರ್ಕೆಸ್ಟ್ರಾಗೂ ಟ್ಯೂಬಾ ಬೇರೆ ಬೇರೆ ಆಗುವುದಕ್ಕೆ ಎಲ್ಲರೂ ಕೊಡುವ ಕಾರಣ ಒಂದಿದೆ. ಬ್ಯಾಂಡ್‌ನಲ್ಲಿ ಟ್ಯೂಬಾ ಸುತ್ತ ಇರುವವರು ಕ್ಲಾರಿನೆಟ್, ಟ್ರಂಪೆಟ್, ಸ್ಯಾಕ್ಸೊಫೋನ್. ಇವೆಲ್ಲ ಬಿ-ಫ್ಲ್ಯಾಟ್, ಇ-ಫ್ಲ್ಯಾಟ್ ವಾದ್ಯಗಳು. ಹಾಗಾಗಿ ಬ್ಯಾಂಡ್ ಸಂಗೀತವನ್ನು ಹೆಚ್ಚಾಗಿ ಫ್ಲ್ಯಾಟ್ ಸ್ಕೇಲ್‌ಗಳಲ್ಲಿ ಬರೆಯುತ್ತಾರೆ. ಆರ್ಕೆಸ್ಟ್ರಾದಲ್ಲಿ ಯಜಮಾನಿಕೆ ತಂತಿವಾದ್ಯಗಳದ್ದು. ಅವಕ್ಕೆ ಜಿ, ಡಿ, ಎ, ಇ ಅಂದರೆ ಮನೆಯಂಗಳ. ಅಲ್ಲಿ ಶಾರ್ಪ್ (ಅರ್ಧ ಸ್ವರ ಮೇಲೆ) ಸ್ಕೇಲ್‌ಗಳು ಜಾಸ್ತಿ.

ಇದರಿಂದ ಬೆರಳಿಗೇನು ವ್ಯತ್ಯಾಸ? ಎಣಿಸಿಯೇ ನೋಡೋಣ. ಜಿ ಮೇಜರ್ ಸ್ಕೇಲ್, ಬಾಸ್ ಕ್ಲೆಫ್‌ನ ಕೆಳಗೆರೆಯ ಜಿ ಇಂದ ಒಂದು ಸ್ಥಾಯಿ ಮೇಲಕ್ಕೆ, ಒಟ್ಟು ಎಂಟು ಸ್ವರ. ಸಿ ಟ್ಯೂಬಾದಲ್ಲಿ ಜಿ, ಸಿ, ಇ, ಮೇಲಿನ ಜಿ, ಈ ನಾಲ್ಕಕ್ಕೆ ಯಾವ ವಾಲ್ವೂ ಬೇಡ. ಬಿ-ಫ್ಲ್ಯಾಟ್ ಟ್ಯೂಬಾದಲ್ಲಿ ಹಾಗೆ ಬರುವುದು ಡಿ ಒಂದೇ. ಉಳಿದ ಏಳಕ್ಕೂ ಬೆರಳು ಆಡಿಸಬೇಕು, ಅದರಲ್ಲಿ ನಾಲ್ಕಕ್ಕೆ ಎರಡೆರಡು ಬೆರಳು. ಈಗ ಬಿ-ಫ್ಲ್ಯಾಟ್ ಮೇಜರ್ ನೋಡಿ, ಎರಡನೇ ಗೆರೆಯ ಬಿ-ಫ್ಲ್ಯಾಟ್‌ನಿಂದ ಮೇಲಕ್ಕೆ. ಬಿ-ಫ್ಲ್ಯಾಟ್ ಟ್ಯೂಬಾದಲ್ಲಿ ನಾಲ್ಕು ಸ್ವರ ಸುಮ್ನೆ ಬರುತ್ತವೆ, ಸಿ ಟ್ಯೂಬಾದಲ್ಲಿ ಎರಡೇ. ಅವರವರ ಮನೆಯಲ್ಲಿ ಅವರವರಿಗೆ ಸಲೀಸು.

ಲೆಕ್ಕ ಸರಿಯಾಗಿದೆ. ಆದರೆ ಇದನ್ನೇ ಪೂರ್ತಿ ಕಾರಣ ಅಂತ ನಂಬುವುದು ನನಗೆ ಕಷ್ಟ. ಯಾಕೆಂದರೆ ರಷ್ಯಾದ ಆರ್ಕೆಸ್ಟ್ರಾಗಳಲ್ಲಿ ತಲೆಮಾರುಗಳಿಂದ ಚೈಕೋವ್‌ಸ್ಕಿ, ಪ್ರೊಕೊಫಿಯೆವ್, ಶೊಸ್ತಕೋವಿಚ್ ಎಲ್ಲವನ್ನೂ ಬಿ-ಫ್ಲ್ಯಾಟ್ ಟ್ಯೂಬಾದಲ್ಲೇ ನುಡಿಸುತ್ತಾ ಬಂದಿದ್ದಾರೆ. ಅಲ್ಲಿಯೂ ಪಿಟೀಲಿಗೆ ಅದೇ ನಾಲ್ಕು ತಂತಿ ತಾನೆ? ಬೆರಳಿನ ಅನುಕೂಲವೇ ಎಲ್ಲವನ್ನೂ ತೀರ್ಮಾನ ಮಾಡುವಂತಿದ್ದರೆ ಅವರೂ ಯಾವಾಗಲೋ ಸಿ ಟ್ಯೂಬಾ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಹಾಗಾದರೆ ಉತ್ತರವನ್ನು ಬೆರಳಿನಲ್ಲಿ ಹುಡುಕಿದರೆ ಸಾಲದು. ಮೊದಲು ಯಾವ ಟ್ಯೂಬಾ ಬಂತು, ಅದನ್ನು ಯಾರು ಮಾಡಿಕೊಟ್ಟರು, ಯಾವ ಗುರು ಯಾವುದನ್ನು ಹಿಡಿದು ಪಾಠ ಹೇಳಿದರು ಅಂತ ನೋಡಬೇಕು.

ಬರ್ಲಿನ್ನಿನಲ್ಲಿ ಹುಟ್ಟಿದ ಎಫ್

1835ರ ಸೆಪ್ಟೆಂಬರ್ 12ರಂದು ಪ್ರಷ್ಯಾದಲ್ಲಿ ಬಾಸ್ ಟ್ಯೂಬಾಗೆ ಪೇಟೆಂಟ್ ಸಿಕ್ಕಿತು. ಹಿಂದಿದ್ದವರು ಇಬ್ಬರು. ಸೈನ್ಯದ ಬ್ಯಾಂಡ್‌ಗಳನ್ನು ನೋಡಿಕೊಳ್ಳುತ್ತಿದ್ದ ವಿಲ್ಹೆಲ್ಮ್ ವೀಪ್ರೆಕ್ಟ್ ಮತ್ತು ವಾದ್ಯ ತಯಾರಕ ಯೋಹಾನ್ ಗಾಟ್‌ಫ್ರೀಡ್ ಮೊರಿಟ್ಸ್. ಅವರು ಮಾಡಿದ್ದು ಐದು ವಾಲ್ವ್‌ಗಳ ಎಫ್ ಟ್ಯೂಬಾ. ಅದಕ್ಕೆ ಮುಂಚೆ ಆ ಜಾಗದಲ್ಲಿದ್ದದ್ದು ಸರ್ಪೆಂಟ್, ಒಫಿಕ್ಲೈಡ್ ಎಂಬ ವಾದ್ಯಗಳು. ಎರಡಕ್ಕೂ ಶ್ರುತಿ ಹಿಡಿದಿಡುವುದೇ ಕಷ್ಟ. ಫ್ರೆಂಚ್ ಸಂಗೀತ ರಚನಾಕಾರ ಬರ್ಲಿಯೋಜ್ 1843ರಲ್ಲಿ ಬರ್ಲಿನ್ನಿಗೆ ಹೋದಾಗ ಈ ಹೊಸ ವಾದ್ಯ ಕೇಳಿ ಮೆಚ್ಚಿಕೊಂಡ.

ತಮಾಷೆ ನೋಡಿ. ಎಫ್ ಟ್ಯೂಬಾ ಹುಟ್ಟಿದ್ದು ಸೈನ್ಯದ ಬ್ಯಾಂಡ್‌ಗೆ, ಕೊನೆಗೆ ನೆಲೆ ನಿಂತಿದ್ದು ಆರ್ಕೆಸ್ಟ್ರಾದಲ್ಲಿ. ಬ್ಯಾಂಡ್‌ನವರು ಇನ್ನೂ ಆಳದ ನಾದ ಬೇಕು ಅಂತ ಬಿ-ಫ್ಲ್ಯಾಟ್ ಕಡೆ ಹೋದರು. 1840ರ ದಶಕದಲ್ಲಿ ಬೊಹೀಮಿಯಾದ ವಾತ್ಸ್ಲಾವ್ ಫ್ರಾಂತಿಶೆಕ್ ಚೆರ್ವೆನಿ ಕಾಂಟ್ರಾಬಾಸ್ ಟ್ಯೂಬಾ ತಯಾರಿಸಿದ. ಇಂದಿಗೂ ಜರ್ಮನಿ, ಆಸ್ಟ್ರಿಯಾ, ಚೆಕ್ ಸೀಮೆಗಳ ಊರ ಬ್ಯಾಂಡ್‌ಗಳಲ್ಲಿ ಗುಂಡಗೆ, ದಪ್ಪಗೆ ಕೂತಿರುವುದು ಬಿ-ಫ್ಲ್ಯಾಟ್ ಟ್ಯೂಬಾನೇ. ಅದರ ಭಾರಿ ಗಾತ್ರದ ಒಂದು ಬಗೆಗೆ 'ಕೈಸರ್' ಅಂತಲೇ ಹೆಸರು, ಚಕ್ರವರ್ತಿ ಅಂತ ಅರ್ಥ.

ಜರ್ಮನ್ ಆರ್ಕೆಸ್ಟ್ರಾ ವಾದಕರು ಇವೆರಡನ್ನೂ ಇಟ್ಟುಕೊಳ್ಳುತ್ತಾರೆ. ಎಫ್ ಮೂಲ ವಾದ್ಯ. ವಾಗ್ನರ್‌ನ 'ರಿಂಗ್' ಮಾದರಿಯ ಸಂಗೀತ ಬಂದಾಗ ಬಿ-ಫ್ಲ್ಯಾಟ್. 1876ರಲ್ಲಿ ಬೈರಾಯ್ಟ್‌ನಲ್ಲಿ ಮೊದಲ ಸಲ ಪೂರ್ತಿಯಾಗಿ ರಂಗಕ್ಕೆ ಬಂದ ಆ ನಾಲ್ಕು ಒಪೆರಾಗಳಿಗೆ ವಾಗ್ನರ್ ಕಾಂಟ್ರಾಬಾಸ್ ಟ್ಯೂಬಾ ಬೇಕು ಅಂತಲೇ ಬರೆದಿದ್ದ. 'ಸೀಗ್‌ಫ್ರೀಡ್'ನಲ್ಲಿ ಗುಹೆಯೊಳಗೆ ಮಲಗಿರುವ ಡ್ರ್ಯಾಗನ್‌ಗೆ ದನಿ ಕೊಡುವುದು ಅದೇ. (ವಾಗ್ನರ್ ಟ್ಯೂಬಾ ಅಂತ ಇನ್ನೊಂದು ವಾದ್ಯ ಇದೆ. ಅದನ್ನು ನುಡಿಸುವುದು ಹಾರ್ನ್ ವಾದಕರು. ಹೆಸರು ನೋಡಿ ಮೋಸ ಹೋಗಬೇಡಿ.)

ವಿಯೆನ್ನಾದವರದ್ದು ಯಾವಾಗಲೂ ತಮ್ಮದೇ ದಾರಿ. ಅಲ್ಲಿ 20ನೇ ಶತಮಾನದಲ್ಲೂ ಬಹಳ ಕಾಲ ಆರು ವಾಲ್ವ್‌ಗಳ ಎಫ್ ಟ್ಯೂಬಾ ಚಾಲ್ತಿಯಲ್ಲಿತ್ತು, ಎಡಗೈಗೆ ಮೂರು, ಬಲಗೈಗೆ ಮೂರು. ಒಂದೇ ವಾದ್ಯದಲ್ಲಿ ಮೇಲಿನದೂ ಕೆಳಗಿನದೂ ಎಲ್ಲ ಮುಗಿಸಬೇಕು ಅನ್ನುವ ಹಟ. ಎರಡು ಕೈಯಲ್ಲೂ ಬೆರಳಾಟ ಕಲಿಯಬೇಕಿದ್ದ ಶಿಷ್ಯರನ್ನು ನೆನೆದರೆ ಅಯ್ಯೋ ಅನಿಸುತ್ತದೆ.

ಇಂಗ್ಲೆಂಡ್: ಕಾರ್ನೆಟ್ ಬಿಟ್ಟು ಟ್ಯೂಬಾ ಹಿಡಿ

ಬ್ರಿಟನ್ನಿನ ಬ್ರಾಸ್ ಬ್ಯಾಂಡ್ ಬೇರೆಯದೇ ಲೋಕ. ಗಿರಣಿ, ಗಣಿಗಳ ಕಾರ್ಮಿಕರ ನಡುವೆ ಬೆಳೆದ ಪದ್ಧತಿ ಅದು. ಮ್ಯಾಂಚೆಸ್ಟರ್‌ನ ಬೆಲ್ ವ್ಯೂನಲ್ಲಿ 1853ರಿಂದಲೇ ಬ್ಯಾಂಡ್ ಸ್ಪರ್ಧೆಗಳು ನಡೆಯುತ್ತಿದ್ದವು. ಆ ಬ್ಯಾಂಡ್‌ಗಳ ಬೆನ್ನೆಲುಬು ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್‌ನಲ್ಲಿ ರೂಪಿಸಿದ, ಸ್ಯಾಕ್ಸ್‌ಹಾರ್ನ್ ಎಂಬ ಹಿತ್ತಾಳೆ ವಾದ್ಯಗಳ ಕುಟುಂಬ. ಡಿಸ್ಟಿನ್ ಎಂಬ ವಾದಕ ಕುಟುಂಬದವರು ಅದನ್ನು 1844ರಲ್ಲಿ ಪ್ಯಾರಿಸ್‌ನಲ್ಲಿ ಕಂಡು ಬ್ರಿಟನ್ನಿನಲ್ಲಿ ಪ್ರಚಾರ ಮಾಡಿದರು.

ಸ್ಯಾಕ್ಸ್‌ನ ಈ ಕುಟುಂಬದಲ್ಲಿ ಶ್ರುತಿಗಳು ಒಂದು ಬಿಟ್ಟು ಒಂದರಂತೆ ಇಳಿಯುತ್ತವೆ. ಇ-ಫ್ಲ್ಯಾಟ್, ಬಿ-ಫ್ಲ್ಯಾಟ್, ಮತ್ತೆ ಇ-ಫ್ಲ್ಯಾಟ್, ಮತ್ತೆ ಬಿ-ಫ್ಲ್ಯಾಟ್. ಬ್ರಾಸ್ ಬ್ಯಾಂಡ್ ಕೂಡ ಹಾಗೆಯೇ: ಮೇಲೆ ಇ-ಫ್ಲ್ಯಾಟ್ ಸೊಪ್ರಾನೋ ಕಾರ್ನೆಟ್ (ಟ್ರಂಪೆಟ್‌ನಂಥ ವಾದ್ಯ), ಆಮೇಲೆ ಬಿ-ಫ್ಲ್ಯಾಟ್ ಕಾರ್ನೆಟ್‌ಗಳು, ಇ-ಫ್ಲ್ಯಾಟ್ ಟೆನರ್ ಹಾರ್ನ್, ಬಿ-ಫ್ಲ್ಯಾಟ್ ಬ್ಯಾರಿಟೋನ್ ಮತ್ತು ಯೂಫೋನಿಯಂ (ಟ್ಯೂಬಾದ ಚಿಕ್ಕ ತಮ್ಮನಂಥ ವಾದ್ಯ). ತಳದಲ್ಲಿ ಎರಡು ಇ-ಫ್ಲ್ಯಾಟ್ ಬಾಸ್, ಎರಡು ಬಿ-ಫ್ಲ್ಯಾಟ್ ಬಾಸ್. ಅಲ್ಲಿ ಟ್ಯೂಬಾ ಅನ್ನುವುದಕ್ಕಿಂತ 'ಬಾಸ್' ಅನ್ನುವುದೇ ರೂಢಿ. ಈ ಸಾಲಿನಲ್ಲಿ ಸಿ ಅಥವಾ ಎಫ್ ಟ್ಯೂಬಾಗೆ ಜಾಗವೇ ಇಲ್ಲ.

ಇದಕ್ಕೊಂದು ಸೊಗಸಾದ ಉಪಾಯವೂ ಜೋಡಿಕೊಂಡಿದೆ. ಬಾಸ್ ಟ್ರಾಂಬೋನ್ ಮತ್ತು ತಾಳವಾದ್ಯ ಬಿಟ್ಟು ಉಳಿದ ಎಲ್ಲರಿಗೂ ಸ್ವರಗಳನ್ನು ಟ್ರೆಬಲ್ ಕ್ಲೆಫ್‌ನಲ್ಲೇ, ಅಂದರೆ ಎತ್ತರದ ಸ್ವರಗಳಿಗೆ ಬಳಸುವ ಪದ್ಧತಿಯಲ್ಲೇ, ಬರೆದುಕೊಡುತ್ತಾರೆ, ಟ್ಯೂಬಾಗೂ. ಹಾಳೆ ಮೇಲೆ ಸಿ ಅಂತ ಇದ್ದರೆ ಯಾವ ವಾದ್ಯವಾದರೂ ವಾಲ್ವ್ ಒತ್ತಬೇಕಿಲ್ಲ. ಹೊರಬರುವ ಸ್ವರ ವಾದ್ಯಕ್ಕೆ ತಕ್ಕಂತೆ ಬೇರೆ, ಬೆರಳು ಒಂದೇ. ಕಾರ್ನೆಟ್ ಊದುತ್ತಿದ್ದ ಹುಡುಗನಿಗೆ ಬ್ಯಾಂಡ್‌ನ ಹಿರಿಯರು 'ಬಾಸ್‌ಗೆ ಜನ ಕಮ್ಮಿ ಇದ್ದಾರೆ, ಈ ವಾರದಿಂದ ಅಲ್ಲಿ ಕೂತ್ಕೋ' ಅಂದರೆ ಅವನು ಹೊಸದಾಗಿ ಓದಲು ಕಲಿಯಬೇಕಿಲ್ಲ. ಉಸಿರು ಜಾಸ್ತಿ ಬೇಕು, ಅಷ್ಟೇ.

ಆರ್ಕೆಸ್ಟ್ರಾದ ನಿಯಮ ಇದಕ್ಕೆ ಉಲ್ಟಾ. ಅಲ್ಲಿ ಟ್ಯೂಬಾಗೆ ಹಾಳೆಯಲ್ಲಿ ಇರುವುದು ಕಿವಿಗೆ ಕೇಳಬೇಕಾದ ಸ್ವರ. ವಾದ್ಯ ಬದಲಾದರೆ ಬೆರಳನ್ನು ವಾದಕರೇ ಬದಲಾಯಿಸಿಕೊಳ್ಳಬೇಕು. ಅದಕ್ಕೇ ಶುರುವಿನಲ್ಲಿ ಹೇಳಿದ ಆ ಒಂದು ಡಿ ಸ್ವರಕ್ಕೆ ನಾಲ್ಕು ಬೆರಳಾಟ. ಎರಡು ಟ್ಯೂಬಾ ಇಟ್ಟುಕೊಂಡವರು ತಲೆಯಲ್ಲಿ ಎರಡು ನಕ್ಷೆ ಇಟ್ಟುಕೊಂಡಿರುತ್ತಾರೆ. ಒಂದೇ ಕಚೇರಿಯ ನಡುವೆ ವಾದ್ಯ ಬದಲಿಸಿದರೆ ನಕ್ಷೆಯನ್ನೂ ಬದಲಿಸಬೇಕು. ಎರಡು ಭಾಷೆ ಆಡುವವರು ವಾಕ್ಯದ ಮಧ್ಯದಲ್ಲಿ ಭಾಷೆ ಬದಲಿಸುವುದಿಲ್ವಾ, ಹಾಗೆ.

ಬ್ರಿಟಿಷ್ ಆರ್ಕೆಸ್ಟ್ರಾಗಳಲ್ಲಿ 20ನೇ ಶತಮಾನದ ಮಧ್ಯದವರೆಗೆ ಇದ್ದದ್ದು ಸಣ್ಣ ಗಾತ್ರದ ಎಫ್ ಟ್ಯೂಬಾ. ವಾನ್ ವಿಲಿಯಮ್ಸ್‌ನ ಟ್ಯೂಬಾ ಕಾನ್ಸರ್ಟೊ 1954ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಸುವರ್ಣ ಮಹೋತ್ಸವಕ್ಕೆ ಬಂದಾಗ ಫಿಲಿಪ್ ಕ್ಯಾಟೆಲಿನೆ ಅದನ್ನು ನುಡಿಸಿದ್ದು ಎಫ್‌ನಲ್ಲಿ. ಬ್ಯಾಂಡ್‌ನ ಇ-ಫ್ಲ್ಯಾಟ್ ಆಗ ಆರ್ಕೆಸ್ಟ್ರಾಗೆ ಬರುವುದಕ್ಕೆ ಇನ್ನೊಂದು ಅಡ್ಡಿಯೂ ಇತ್ತು. 1960ರ ದಶಕದವರೆಗೆ ಬ್ರಿಟಿಷ್ ಬ್ರಾಸ್ ಬ್ಯಾಂಡ್‌ಗಳ ಶ್ರುತಿಯೇ ಮೇಲಿತ್ತು, ಆರ್ಕೆಸ್ಟ್ರಾಗಿಂತ ಹೆಚ್ಚುಕಮ್ಮಿ ಕಾಲು ಸ್ವರದಷ್ಟು. ಆ ವಾದ್ಯವನ್ನು ಹಾಗೇ ತಂದು ಪಿಟೀಲುಗಳ ಪಕ್ಕ ಊದಿದ್ದರೆ ಕಿವಿ ಮುಚ್ಚಿಕೊಳ್ಳಬೇಕಿತ್ತು. ಆ ದಶಕದಲ್ಲಿ ಶ್ರುತಿ ಇಳಿಯಿತು. ಅದೇ ಕಾಲಕ್ಕೆ ಜಾನ್ ಫ್ಲೆಚರ್ ಎಂಬ ಅದ್ಭುತ ವಾದಕ ಇ-ಫ್ಲ್ಯಾಟ್ ಹಿಡಿದು ಬಂದ. 1968ರಿಂದ 1987ರವರೆಗೆ ಲಂಡನ್ ಸಿಂಫನಿಯಲ್ಲಿ ಕೂತಿದ್ದ. ಅವನನ್ನು ಕೇಳಿದ ಮೇಲೆ ಬ್ರಿಟಿಷ್ ಟ್ಯೂಬಾ ಅಂದರೆ ಇ-ಫ್ಲ್ಯಾಟ್ ಅನ್ನುವಂತಾಯಿತು. ಒಬ್ಬ ಮನುಷ್ಯ ಒಂದು ದೇಶದ ಶ್ರುತಿ ಬದಲಿಸಬಹುದಾ ಅಂತ ಯಾರಾದರೂ ಕೇಳಿದರೆ ನಾನು ಇವನ ಹೆಸರು ಹೇಳುತ್ತೇನೆ.

24 ಸೆಂಟಿಮೀಟರ್ ಕೊರತೆ

ಇ-ಫ್ಲ್ಯಾಟ್ ಒಂದೇ ವಾದ್ಯದಲ್ಲಿ ಬ್ರಿಟಿಷರು ಇಷ್ಟೆಲ್ಲ ಸಂಭಾಳಿಸುವುದಕ್ಕೆ ಇನ್ನೊಂದು ಬೆಂಬಲ ಇದೆ. ಅದು ವಾಲ್ವ್‌ಗಳ ಒಂದು ಹಳೆಯ ಕಾಯಿಲೆಗೆ ಮದ್ದು.

ಬಿ-ಫ್ಲ್ಯಾಟ್ ಟ್ಯೂಬಾದಲ್ಲೇ ನೋಡೋಣ. ಕೊಳವೆ ಐದೂವರೆ ಮೀಟರ್. ಅರ್ಧಸ್ವರ ಇಳಿಯಬೇಕಾದರೆ ಉದ್ದ ಸುಮಾರು ನೂರಕ್ಕೆ 6ರಷ್ಟು ಹೆಚ್ಚಬೇಕು, ಒಂದು ಸ್ವರಕ್ಕೆ 12, ಒಂದೂವರೆಗೆ 19. ಮೂರೂ ವಾಲ್ವ್ ಒಟ್ಟಿಗೆ ಒತ್ತಿದರೆ 37ರಷ್ಟು ಉದ್ದ ಸಿಗುತ್ತದೆ. ಆದರೆ ಆ ಮೂರರ ಮೊತ್ತ ಅಂದರೆ ಮೂರು ಸ್ವರ ಇಳಿಕೆ. ಅದಕ್ಕೆ ಬೇಕಾಗಿರುವುದು 41ಕ್ಕಿಂತ ಜಾಸ್ತಿ. ಕೊರತೆ ಸುಮಾರು 24 ಸೆಂಟಿಮೀಟರ್. ಪರಿಣಾಮ, ಸ್ವರ ಇರಬೇಕಾದ್ದಕ್ಕಿಂತ ಕಾಲು ಸ್ವರ ಮೇಲೆ ನಿಲ್ಲುತ್ತದೆ. ಇದು ಯಾರೂ ಕೆಟ್ಟದಾಗಿ ಮಾಡಿದ್ದರಿಂದ ಆದ ತಪ್ಪಲ್ಲ. ಪ್ರತಿ ವಾಲ್ವಿನ ಸುತ್ತನ್ನು ಬರಿಗೊಳವೆಗೆ ಅಳತೆ ಮಾಡಿ ಕತ್ತರಿಸಿರುತ್ತಾರೆ. ಇನ್ನೊಂದು ವಾಲ್ವ್ ಒತ್ತಿದ ಮೇಲೆ ಕೊಳವೆಯೇ ಉದ್ದ ಆಗಿರುತ್ತದೆ, ಹಳೆಯ ಅಳತೆ ಸಾಲುವುದಿಲ್ಲ.

ಲಂಡನ್ನಿನ ಬೂಸಿ ಕಂಪನಿಯಲ್ಲಿದ್ದ ಡೇವಿಡ್ ಜೇಮ್ಸ್ ಬ್ಲೇಕ್ಲಿ 1874ರಲ್ಲಿ ಇದಕ್ಕೊಂದು ದಾರಿ ಕಂಡುಹಿಡಿದ. ಇಂದಿನ ನಾಲ್ಕು ವಾಲ್ವ್‌ನ ಇ-ಫ್ಲ್ಯಾಟ್‌ನಲ್ಲಿ ಅದು ಹೀಗೆ ಕೆಲಸ ಮಾಡುತ್ತದೆ: ನಾಲ್ಕನೇ ವಾಲ್ವ್ ಒತ್ತಿದರೆ ಉಸಿರು ವಾಪಸು ಬಂದು ಉಳಿದ ವಾಲ್ವ್‌ಗಳನ್ನು ಇನ್ನೊಮ್ಮೆ ಹಾದುಹೋಗುತ್ತದೆ. ಎರಡನೇ ಸಲ ಅಲ್ಲಿ ಪುಟ್ಟ ಹೆಚ್ಚುವರಿ ಸುತ್ತುಗಳು ಕಾದಿರುತ್ತವೆ. ಕೊರತೆ ತಾನಾಗೇ ತುಂಬುತ್ತದೆ. ವಾದ್ಯ ಭಾರ ಆಗುತ್ತದೆ, ಕೆಳಗಿನ ಸ್ವರಗಳಲ್ಲಿ ಉಸಿರಿಗೆ ಸ್ವಲ್ಪ ತಡೆ ಬಂದಂತೆ ಅನಿಸುತ್ತದೆ. ಆದರೆ ವಾದಕರು ಬೇರೆ ಏನೂ ಮಾಡಬೇಕಿಲ್ಲ.

ಅಮೆರಿಕ, ಜರ್ಮನಿಗಳಲ್ಲಿ ಈ ಪದ್ಧತಿ ನೆಲೆಯೂರಲಿಲ್ಲ. ಅಲ್ಲಿ ಐದನೇ ವಾಲ್ವ್, ಕೆಲವೊಮ್ಮೆ ಆರನೆಯದು. ಜೊತೆಗೆ ಎಡಗೈ ಕೆಲಸ. ಅಮೆರಿಕದ ಆರ್ಕೆಸ್ಟ್ರಾ ಟ್ಯೂಬಾ ವಾದಕರ ಎಡಗೈಯನ್ನು ಒಮ್ಮೆ ಗಮನಿಸಿ. ಬಲಗೈ ವಾಲ್ವ್ ಒತ್ತುತ್ತಿದ್ದರೆ ಎಡಗೈ ಮೇಲೆ ಚಾಚಿಕೊಂಡಿರುವ ಮೊದಲನೇ ವಾಲ್ವಿನ ಸ್ಲೈಡ್ ಹಿಡಿದಿರುತ್ತದೆ. ಒಂದು ಸ್ವರಕ್ಕೆ ಎರಡು ಬೆರಳಷ್ಟು ಎಳೆಯುತ್ತಾರೆ, ಮುಂದಿನದಕ್ಕೆ ಒಳಗೆ ತಳ್ಳುತ್ತಾರೆ. ನುಡಿಸುತ್ತಲೇ ಕೊಳವೆಯ ಉದ್ದ ತಿದ್ದುತ್ತಾ ಇರುತ್ತಾರೆ. ನೋಡುವವರಿಗೆ ಏನೋ ಗುಂಡಿ ಸಡಿಲ ಆಗಿದೆ ಅನಿಸಬಹುದು.

ಅಮೆರಿಕ: ಶಾಲೆಗೊಂದು, ಕೆಲಸಕ್ಕೊಂದು

ಅಂತರ್ಯುದ್ಧದ ಕಾಲದ ಅಮೆರಿಕನ್ ಬ್ಯಾಂಡ್‌ಗಳಲ್ಲಿ ತಳದ ವಾದ್ಯ ಇ-ಫ್ಲ್ಯಾಟ್ ಬಾಸ್ ಸ್ಯಾಕ್ಸ್‌ಹಾರ್ನ್, ಹೆಗಲ ಮೇಲಿಂದ ಹಿಂದಕ್ಕೆ ಬಾಯಿ ತೆರೆದದ್ದು. ಹಿಂದೆ ಹೆಜ್ಜೆ ಹಾಕುವ ಸೈನಿಕರಿಗೆ ಕೇಳಲಿ ಅಂತ. ಆಮೇಲೆ ಅಲ್ಲಿಯೂ ಬಿ-ಫ್ಲ್ಯಾಟ್ ಗೆದ್ದಿತು. 1890ರ ದಶಕದಲ್ಲಿ ಬಂದ ಸೂಸಾಫೋನ್, ಮೈಗೆ ಸುತ್ತಿಕೊಂಡು ನಡೆಯುವ ಆ ದೈತ್ಯ, ಈಗ ಸಾಮಾನ್ಯವಾಗಿ ಬಿ-ಫ್ಲ್ಯಾಟ್. ಶಾಲೆಯ ಬ್ಯಾಂಡ್‌ನಲ್ಲೂ ನ್ಯೂ ಆರ್ಲಿಯನ್ಸ್‌ನ ಬೀದಿ ಬ್ಯಾಂಡ್‌ನಲ್ಲೂ ಅದೇ. ಡ್ರಮ್ ಕೋರ್ ಅನ್ನುವ ಕವಾಯತು ತಂಡಗಳು ಮಾತ್ರ 2000ದವರೆಗೂ ಜಿ ಶ್ರುತಿಯ ಕಾಂಟ್ರಾಬಾಸ್ ಬ್ಯೂಗಲ್ ಹೊತ್ತು ತಿರುಗಿದವು. ನಾಲ್ಕು ಸಾಲದು ಅಂತ ಐದನೆಯದು!

ಆದರೆ ಆರ್ಕೆಸ್ಟ್ರಾ ಅಂದರೆ ಅಲ್ಲಿ ಸಿ. ಯಾಕೆ ಅಂದರೆ ಅಲ್ಲಿಯ ದೊಡ್ಡ ಗುರುಗಳು ಹಿಡಿದಿದ್ದು ಸಿ. ನ್ಯೂಯಾರ್ಕ್ ಫಿಲ್‌ಹಾರ್ಮಾನಿಕ್‌ನ ವಿಲಿಯಂ ಬೆಲ್ ಒಬ್ಬ. 1944ರಿಂದ 1988ರವರೆಗೆ ಶಿಕಾಗೊ ಸಿಂಫನಿಯಲ್ಲಿ ಕೂತಿದ್ದ ಆರ್ನಾಲ್ಡ್ ಜೇಕಬ್ಸ್ ಇನ್ನೊಬ್ಬ. ಜೇಕಬ್ಸ್‌ನ ಟ್ಯೂಬಾಗೆ ತನ್ನದೇ ಕಥೆ ಇದೆ. ಮಿಷಿಗನ್‌ನ ಗ್ರ್ಯಾಂಡ್ ರ್ಯಾಪಿಡ್ಸ್‌ನ ಯಾರ್ಕ್ ಕಂಪನಿ 1930ರ ದಶಕದಲ್ಲಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ಟ್ಯೂಬಾ ವಾದಕ ಫಿಲಿಪ್ ಡೊನಾಟೆಲಿಗೆ ಅಂತ ಮಾಡಿದ ಭಾರಿ ಸಿ ಟ್ಯೂಬಾ ಅದು. ಅಲ್ಲಿಯ ಕಂಡಕ್ಟರ್ ಸ್ಟೊಕೊವ್‌ಸ್ಕಿಗೆ ಆರ್ಗನ್‌ನಂಥ ತಳದನಿ ಬೇಕಿತ್ತು. ಕೊನೆಗೆ ಅದು ಜೇಕಬ್ಸ್ ಕೈಗೆ ಬಂತು. ಶಿಕಾಗೊದ ಹಿತ್ತಾಳೆ ವಾದ್ಯಗಳ ಸಾಲು ಜಗತ್ಪ್ರಸಿದ್ಧವಾದಾಗ ಅದರ ತಳದಲ್ಲಿ ಇದ್ದದ್ದು ಇದೇ ವಾದ್ಯ. ಯಾರ್ಕ್ ಕಂಪನಿ ಈಗಿಲ್ಲ, ಆದರೆ ಸ್ವಿಟ್ಜರ್ಲೆಂಡ್, ಜಪಾನ್‌ಗಳ ತಯಾರಕರು ಆ ಟ್ಯೂಬಾವನ್ನು ಅಳೆದು, ತೂಗಿ, ಅದರ ನಕಲು ಮಾಡಿದ್ದಾರೆ. ನಕಲು ಕೂಡ ಸಿ ಶ್ರುತಿಯದೇ ತಾನೆ? ಹೀಗೆ ಒಂದು ವಾದ್ಯದ ಕೀರ್ತಿಯ ಜೊತೆ ಅದರ ಶ್ರುತಿಯೂ ಊರೂರು ಸುತ್ತಿತು.

ಇದರ ಹೊರೆ ಬೀಳುವುದು ಹದಿನೆಂಟು ವರ್ಷದ ವಿದ್ಯಾರ್ಥಿ ಮೇಲೆ. ಶಾಲೆಯಲ್ಲಿ ಆರೇಳು ವರ್ಷ ಬಿ-ಫ್ಲ್ಯಾಟ್ ಊದಿ ಬೆರಳು ಪಳಗಿರುತ್ತದೆ. ಸಂಗೀತ ಕಾಲೇಜಿಗೆ ಸೇರಿದ ಕೂಡಲೇ ಸಿ ಹಿಡಿ ಅನ್ನುತ್ತಾರೆ. ಹಾಳೆ ಅದೇ, ಸ್ವರ ಅದೇ, ಬೆರಳು ಮಾತ್ರ ಮೊದಲಿಂದ. ಮೊದಲ ಕೆಲವು ವಾರ ಎಲ್ಲ ಸ್ವರವೂ ಒಂದು ಮೆಟ್ಟಿಲು ಆಚೀಚೆ. ಅದು ಕೈಗೆ ಕೂತ ಮೇಲೆ, ಸೋಲೋಗೆ ಅಂತ ಎಫ್ ಅಥವಾ ಇ-ಫ್ಲ್ಯಾಟ್ ಕಲಿಯುವ ಸರದಿ. 'ಬಿ-ಫ್ಲ್ಯಾಟ್‌ನಲ್ಲೇ ಇದ್ದರೆ ಏನಾಗುತ್ತೆ?' ಅಂತ ಕೇಳುವವರಿಗೆ ಸರಿಯಾದ ಉತ್ತರ ಯಾರೂ ಕೊಡುವುದಿಲ್ಲ. ಭೌತಶಾಸ್ತ್ರದ ಪ್ರಕಾರ ಏನೂ ಆಗಲ್ಲ. ಆದರೆ ಆಡಿಷನ್‌ಗೆ ಬಂದ ಉಳಿದ ಎಲ್ಲರ ಕೈಯಲ್ಲೂ ಸಿ ಇರುತ್ತದೆ. ಜಪಾನ್ ಕೂಡ ಇದೇ ಜಾಡು ಹಿಡಿದಿದೆ: ಶಾಲೆಯ ಬ್ಯಾಂಡ್‌ನಲ್ಲಿ ಬಿ-ಫ್ಲ್ಯಾಟ್, ಆರ್ಕೆಸ್ಟ್ರಾದಲ್ಲಿ ಸಿ ಮತ್ತು ಎಫ್. ನಾರ್ವೆಯಲ್ಲಿ ಬ್ರಿಟಿಷ್ ಮಾದರಿಯ ಬ್ರಾಸ್ ಬ್ಯಾಂಡ್ ಬೇರು ಬಿಟ್ಟಿದೆ. ಅಲ್ಲಿಂದ ಬಂದ ಏಕವ್ಯಕ್ತಿ ವಾದಕ ಆಯ್‌ಸ್ಟೈನ್ ಬೋಡ್ಸ್‌ವಿಕ್ ಇ-ಫ್ಲ್ಯಾಟ್ ಹಿಡಿದೇ ಜಗತ್ತು ಸುತ್ತುತ್ತಾನೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಶ್ರುತಿಯ ಹೆಸರು ಬೇರೆ, ನಾದದ ಬಣ್ಣ ಬೇರೆ. ಸಿ ಟ್ಯೂಬಾ ದನಿ ಸ್ಪಷ್ಟ, ಬಿ-ಫ್ಲ್ಯಾಟ್ ದನಿ ಮಬ್ಬು ಅಂತ ವಾದಿಸುವವರು ಇದ್ದಾರೆ. ಕೊಳವೆ ಎಷ್ಟು ಅಗಲ, ಬೆಲ್ ಎಷ್ಟು ದೊಡ್ಡದು, ಮೌತ್‌ಪೀಸ್ ಎಂಥದ್ದು, ಇವೆಲ್ಲಕ್ಕಿಂತ ಮುಖ್ಯವಾಗಿ ಊದುವವರು ಯಾರು, ಇದರ ಮುಂದೆ ಎರಡಡಿ ಉದ್ದದ ವ್ಯತ್ಯಾಸ ದೊಡ್ಡದಲ್ಲ. ಭಾರಿ ಗಾತ್ರದ ಸಿ ಟ್ಯೂಬಾ, ಸಣ್ಣ ಗಾತ್ರದ ಬಿ-ಫ್ಲ್ಯಾಟ್‌ಗಿಂತ ದಪ್ಪ ದನಿ ಕೊಡುತ್ತದೆ.

ಪ್ಯಾರಿಸ್‌ನ ಪುಟ್ಟ ಟ್ಯೂಬಾ

ಫ್ರಾನ್ಸ್ ಕಥೆ ಕೊನೆಗಿಟ್ಟಿದ್ದೇನೆ. ಯಾಕೆಂದರೆ ಅವರ ದಾರಿ ಎಲ್ಲರಿಗಿಂತ ವಿಚಿತ್ರ. ಜರ್ಮನ್ನರು 12 ಅಡಿ, ಅಮೆರಿಕನ್ನರು 16 ಅಡಿ ಅನ್ನುತ್ತಿದ್ದಾಗ ಫ್ರೆಂಚ್ ಆರ್ಕೆಸ್ಟ್ರಾಗಳು 8 ಅಡಿಯ ಸಿ ಟ್ಯೂಬಾ ಇಟ್ಟುಕೊಂಡಿದ್ದವು. ಹೆಸರು ಸಿ, ಆದರೆ ಅಮೆರಿಕದ ಸಿ ಟ್ಯೂಬಾಗಿಂತ ಪೂರ್ತಿ ಒಂದು ಸ್ಥಾಯಿ ಮೇಲೆ. ಯೂಫೋನಿಯಂಗಿಂತಲೂ ಒಂದು ಸ್ವರ ಎತ್ತರ! ಆರು ವಾಲ್ವ್ ಇದ್ದದ್ದರಿಂದ ಕೆಳಗಿನ ಸ್ವರಗಳಿಗೂ ಇಳಿಯುತ್ತಿತ್ತು. 20ನೇ ಶತಮಾನದ ದ್ವಿತೀಯಾರ್ಧದವರೆಗೂ ಪ್ಯಾರಿಸ್‌ನಲ್ಲಿ ಟ್ಯೂಬಾ ಅಂದರೆ ಇದೇ.

ಆ ಊರಿನಲ್ಲಿ ಕೂತು ರಾವೆಲ್ 1922ರಲ್ಲಿ ಮುಸೋರ್ಗ್‌ಸ್ಕಿಯ ಪಿಯಾನೋ ಕೃತಿ 'ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್' ಅನ್ನು ಆರ್ಕೆಸ್ಟ್ರಾಗೆ ಬರೆದ. ಅದರಲ್ಲಿ 'ಬಿದ್ವೊ' ಅಂತ ಒಂದು ಭಾಗ ಇದೆ. ಎತ್ತಿನಗಾಡಿಯೊಂದು ದೂರದಿಂದ ಭಾರವಾಗಿ ಬಂದು ಹೋಗುವ ಚಿತ್ರ. ಅದರ ರಾಗವನ್ನು ರಾವೆಲ್ ಟ್ಯೂಬಾಗೆ ಕೊಟ್ಟ. ಅವನ ಕಣ್ಣ ಮುಂದಿದ್ದದ್ದು ಆ 8 ಅಡಿಯ ಫ್ರೆಂಚ್ ಟ್ಯೂಬಾ. ರಾಗ ಪಿಯಾನೋದ ನಡು ಸಿ ದಾಟಿ ಮೇಲೆ ಹೋಗುತ್ತದೆ. ಪ್ಯಾರಿಸ್‌ನ ವಾದಕರಿಗೆ ಅದು ಅಷ್ಟೇನೂ ಎತ್ತರದ ಜಾಗ ಅಲ್ಲ.

ಆಮೇಲೆ ಆ ಕೃತಿ ಜಗತ್ತೆಲ್ಲ ಸುತ್ತಿತು, ಟ್ಯೂಬಾ ಮಾತ್ರ ಪ್ಯಾರಿಸ್‌ನಲ್ಲೇ ಉಳಿಯಿತು. ಕೊನೆಗೆ ಅಲ್ಲಿಯೂ ಅದು ಮೂಲೆ ಸೇರಿತು, ಫ್ರೆಂಚ್ ವಾದಕರು ಎಫ್ ಮತ್ತು ದೊಡ್ಡ ಸಿ ಕಡೆ ತಿರುಗಿದರು. ಈಗ 'ಬಿದ್ವೊ' ಕಾರ್ಯಕ್ರಮದಲ್ಲಿದೆ ಅಂದರೆ ಟ್ಯೂಬಾ ಸಾಲಿನಲ್ಲಿ ಒಂದು ಲೆಕ್ಕಾಚಾರ ಶುರು. ಕೆಲವರು ಎಫ್‌ನಲ್ಲಿ ಧೈರ್ಯ ಮಾಡುತ್ತಾರೆ. ಬಹಳಷ್ಟು ಆರ್ಕೆಸ್ಟ್ರಾಗಳಲ್ಲಿ ಆ ಎರಡು ಮೂರು ನಿಮಿಷಕ್ಕೆ ಅಂತಲೇ ಒಂದು ಯೂಫೋನಿಯಂ ತಂದಿಟ್ಟಿರುತ್ತಾರೆ. ಗಾಡಿ ಹತ್ತಿರ ಬರುವ ಮುಂಚೆ ಟ್ಯೂಬಾವನ್ನು ಸದ್ದಾಗದಂತೆ ನೆಲಕ್ಕಿಳಿಸಿ ಯೂಫೋನಿಯಂ ಎತ್ತಿಕೊಳ್ಳುತ್ತಾರೆ. ಗಾಡಿ ದೂರ ಹೋದ ಮೇಲೆ ಮತ್ತೆ ಟ್ಯೂಬಾ ತೊಡೆ ಮೇಲೆ ಬರುತ್ತದೆ. ಅದು ಬಿ-ಫ್ಲ್ಯಾಟ್ಟೋ, ಸಿಯೋ, ಇ-ಫ್ಲ್ಯಾಟ್ಟೋ ಅನ್ನುವುದು ಆ ರಾತ್ರಿ ಅವರು ಯಾವ ಊರಲ್ಲಿ ಕೂತಿದ್ದಾರೆ ಅನ್ನುವುದರ ಮೇಲೆ.